ಗ್ಯಾಲಕ್ಸಿಯ ಅಂಚು ನುಂಗಿದ ಸಾಲು

ಹೋದ ವಾರ ನವೀನ ಫೋನು ಮಾಡಿದ. ನಾನು ನಿವೃತ್ತನಾದ ಮೇಲೆ ನಮ್ಮ ಬುಗುರಿ ಎಂಬ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿರುವವನು ಅವನೇ. ಬೈರಮಂಗಲದವನು. ಬುದ್ಧಿ ಚುರುಕು, ತಾಳ್ಮೆ ಕೊಡುವುದನ್ನು ಮಾತ್ರ ದೇವರು ಮರೆತಿದ್ದಾನೆ.

"ಸಾರ್, ಬುಗುರಿಯ ಹೊಸ ವರ್ಶನ್ ಬಿಡ್ತಾ ಇದೀವಿ. ಯಾವಾಗ ಏನು ತಿದ್ದಿದ್ವಿ ಅನ್ನೋ ಹಳೇ ಬದಲಾವಣೆ ಟಿಪ್ಪಣಿಗಳು ತುಂಬಾ ಉದ್ದ ಆಗ್ಬಿಟ್ಟಿವೆ. ತೆಗೆದು ಕ್ಲೀನ್ ಮಾಡ್ತೀನಿ. ಯಾರೂ ಓದಲ್ಲ."

"ಯಾರೂ ಓದಲ್ಲ ಅಂತ ನಿಂಗೆ ಯಾರ್ಲಾ ಹೇಳ್ದೋರು?"

"ಎಷ್ಟು ಜನ ತೆರೆದು ನೋಡ್ತಾರೆ ಅಂತ ನಮಗೆ ಕಾಣುತ್ತೆ ಸಾರ್."

"ನಿಮ್ಮೂರ್ ಕೆರೆಗೆ ದಿನಾ ಯಾರ್‍ಯಾರ್ ಇಣುಕ್ತಾರೆ ಅಂತ ನೋಡಿ, ಜನ ಕಮ್ಮಿ ಅಂತ ಕೆರೆ ಮುಚ್ಚುಸ್ಬುಡ್ತೀಯಾ?"

ಅವನು ನಕ್ಕ. ಆಮೇಲೆ ಮೆಲ್ಲಗೆ ಇನ್ನೊಂದು ಬಿಟ್ಟ. "ಗ್ಯಾಲಕ್ಸಿ ಅಳ್ದಾದ್ಮೇಲೆ ಉಳಿಕೆ ಚಿತ್ರದ ಕಿಟಕಿ ತಾನಾಗೇ ತೆರೆಯೋದನ್ನೂ ನಿಲ್ಲಿಸಿದೀವಿ ಸಾರ್. ಬೇಕಾದೋರು ತೆಗ್ದು ನೋಡ್ಕೋಬಹುದು."

ಫೋನು ಇಟ್ಟೆ ಅಂತ ಬರೆದರೆ ಸುಳ್ಳಾದೀತು. ಕುಕ್ಕಿದೆ. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ರಿಟೈರ್ ಆದ್ಮೇಲೂ ಆಕಾಶದ್ ಜೊತೆ ಜಗ್ಳ ಯಾಕ್ರೀ ನಿಮ್ಗೆ?" ಅಂದಳು. ಆಕಾಶದ ಜೊತೆ ನನಗೆ ಎಂದೂ ಜಗಳವಿರಲಿಲ್ಲ. ಜಗಳವೆಲ್ಲ ಅದನ್ನು ಅಳೆಯುವವರ ಜೊತೆ.

ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳು ಓದಲಿ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಬೀಳ್ಕೊಡುಗೆಯ ದಿನ ಒಬ್ಬರು, "ರಂಗಸ್ವಾಮಿಯವರು ಸದಾ ಸಮಯಕ್ಕೆ ಸರಿಯಾಗಿ ಬರುತ್ತಿದ್ದರು" ಎಂದು ಭಾಷಣ ಮಾಡಿದರು. ಮಾಗಡಿಯಿಂದ ರಾಮನಗರಕ್ಕೆ ಒಂದು ಬಸ್ಸು, ಅಲ್ಲಿಂದ ಕನಕಪುರದ ಕಡೆಗೆ ಇನ್ನೊಂದು ಬಸ್ಸು ಹಿಡಿಯುವವನು ಸಮಯಕ್ಕೆ ಸರಿಯಾಗಿ ಬರುತ್ತಿದ್ದ ಅಂದರೆ, ಭಾಷಣ ಮಾಡಿದವರು ಒಂದು ದಿನವೂ ನನಗಿಂತ ಮುಂಚೆ ಬಂದಿರಲಿಲ್ಲ ಅಂತಲೇ ಅರ್ಥ.

ನಮ್ಮದು ಬಂಡೆ ಗುಡ್ಡದ ಬುಡದ ಸಣ್ಣ ಸಂಶೋಧನಾ ಕೇಂದ್ರ. ನಮ್ಮಲ್ಲಿ ದೂರದರ್ಶಕ ಇರಲಿಲ್ಲ. ಎಲ್ಲೆಲ್ಲಿಯೋ ಬೆಟ್ಟಗಳ ಮೇಲಿನ ದೂರದರ್ಶಕಗಳು ತೆಗೆದ ಚಿತ್ರಗಳು ನಮ್ಮ ಕಂಪ್ಯೂಟರಿಗೆ ಬರುತ್ತಿದ್ದವು. ಅವುಗಳಲ್ಲಿರುವ ಗ್ಯಾಲಕ್ಸಿಗಳನ್ನು ಅಳೆಯುವ ಸಾಫ್ಟ್‌ವೇರ್ ಬರೆದು, ಕಾಯುವುದು ನನ್ನ ಕೆಲಸ. ಇದನ್ನು ನಮ್ಮೂರು ಕಲ್ಯದವರಿಗೆ ವಿವರಿಸುವಷ್ಟರಲ್ಲಿ ನಾಲಿಗೆ ಬಿದ್ದುಹೋಗುತ್ತಿತ್ತು.

"ರಂಗಣ್ಣ, ಆಕಾಶ ನೋಡ್ತೀಯಂತೆ. ನಮ್ ಹುಡ್ಗನ ಜಾತ್ಕ ಒಸಿ ನೋಡು."

"ನೋಡ್ಬೋದು. ಆದ್ರೆ ನಾನ್ ನೋಡೋ ಬೆಳಕು ನಿಮ್ ಮುತ್ತಾತನ ಮುತ್ತಾತ ಹುಟ್ಟೋಕ್ ಮುಂಚೆನೇ ಮನೆ ಬುಟ್ಟು ಹೊಂಟಿದ್ದು. ನಿಮ್ ಹುಡ್ಗನ್ ಮದ್ವೆ ಇಚಾರ ಅದ್ಕೆ ಎಂಗ್ ಗೊತ್ತಾಯ್ತದೆ?"

ಗ್ಯಾಲಕ್ಸಿ ಅಂದರೆ ಲೆಕ್ಕವಿಲ್ಲದಷ್ಟು ನಕ್ಷತ್ರಗಳ ಗುಂಪು. ಚಿತ್ರದಲ್ಲಿ ಮಾತ್ರ ಅದೊಂದು ಮಸುಕು ಮಚ್ಚೆ. ನಡುವೆ ಹೊಳಪು, ಹೊರಗೆ ಹೋಗುತ್ತಾ ಮಂಕು. ಎಲ್ಲಿ ಗ್ಯಾಲಕ್ಸಿ ಮುಗಿಯಿತು, ಎಲ್ಲಿ ಬರೀ ಕತ್ತಲೆ ಶುರುವಾಯಿತು ಅಂತ ಗೆರೆ ಎಳೆದಿಟ್ಟವರು ಯಾರೂ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೊಂದು ಚಿತ್ರವನ್ನೂ ಪರದೆಯ ಮೇಲೆ ತೆರೆದು ಕಣ್ಣಿನಲ್ಲಿ ಅಳೆಯುತ್ತಿದ್ದೆವು. ಆಮೇಲೆ ಲೆಕ್ಕದಿಂದ ಅಳೆಯುವ ದಾರಿ ಬಂತು. ಈಗ ಸಾವಿರಗಟ್ಟಲೆ ಚಿತ್ರಗಳನ್ನು ಒಂದೇ ಏಟಿಗೆ ಸುರಿದು, ಅಂಕಿಗಳನ್ನು ಮಾತ್ರ ಹೊರಗೆ ತೆಗೆದುಕೊಳ್ಳುತ್ತಾರೆ. ಚಿತ್ರದ ಮುಖವನ್ನೇ ನೋಡದೆ ಗ್ಯಾಲಕ್ಸಿಯ ಬಗ್ಗೆ ಪೇಪರು ಬರೆದವರನ್ನು ನಾನು ಕಂಡಿದ್ದೇನೆ. ಹುಡುಗಿಯನ್ನು ನೋಡದೆ ಲಗ್ನಪತ್ರಿಕೆ ಅಚ್ಚು ಹಾಕಿಸಿದವರ ಹಾಗೆ.

ಲೆಕ್ಕದ ಆ ದಾರಿ ಏನು ಅಂತ ಒಂದೇ ಸಲಕ್ಕೆ ಹಿಡಿದವರು ನನ್ನ ಅಕ್ಕನ ಗಂಡ ಶಿವಣ್ಣ. ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವವರು. ಅವರು ಹಾಲೆ ಮರದ ತುಂಡನ್ನು ಯಂತ್ರಕ್ಕೆ ಕಚ್ಚಿಸಿ ತಿರುಗಿಸುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದೆ.

"ಭಾವ, ಇಂಗೆ ತಿರುಗ್ಸಿ ಉಳಿ ಹಿಡುದ್ರೆ ಏನ್ ಬತ್ತದೆ?"

"ದುಂಡುಗ್ ಬತ್ತದೆ. ತಿರುಗ್ಸಿದ್ದು ಚೌಕ ಬತ್ತದಾ? ಎಂಥಾ ಓದಿದ್ಯೋ ಬಾಮೈದ ನೀನು!"

"ನಮ್ ಸಾಫ್ಟ್‌ವೇರೂ ಅಷ್ಟೇ ಭಾವ. ಗ್ಯಾಲಕ್ಸಿ ಥರದ್ದೇ ಒಂದು ನುಣ್ಣನೇ ಬೊಂಬೆನ ಲೆಕ್ಕದಲ್ಲಿ ಕಡೀತದೆ. ಅದ್ಕೆ ಮಾಡೆಲ್ ಅಂತೀವಿ. ನಿಜವಾದ್ ಚಿತ್ರದಿಂದ ಆ ಬೊಂಬೆನ ಕಳುದ್ರೆ ಏನ್ ಉಳೀತದೋ ಅದು ಉಳಿಕೆ. ಗ್ಯಾಲಕ್ಸಿ ಸುರುಳಿ, ಬಾಲ, ಇನ್ನೊಂದಕ್ಕೆ ಡಿಕ್ಕಿ ಹೊಡ್ದಿರೋ ಗಾಯ ಎಲ್ಲಾ ಅಲ್ಲೇ ಕಾಣೋದು."

ಭಾವ ಯಂತ್ರ ನಿಲ್ಲಿಸಿ ಕಾಲಡಿಯ ಹೊಟ್ಟನ್ನು ನೋಡಿದರು. "ಅಂಗಾದ್ರೆ ನಾವು ಗುಡ್ಸಿ ಎಸಿಯೋ ಹೊಟ್ಟೇ ನಿಮ್ಗೆ ಮಾಲು ಅನ್ನು!"

ಇದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರೂ ಹೇಳಲಿಲ್ಲ. ನಾನೂ ಹೇಳಿಲ್ಲ, ನನಗಿಂತ ಚೆನ್ನಾಗಿ ಹೇಳುವವರನ್ನು ಒಪ್ಪಿಕೊಳ್ಳುವುದು ನನ್ನ ಅಭ್ಯಾಸವೂ ಅಲ್ಲ. ಅವತ್ತು ಭಾವ ಕೈಗಿಟ್ಟ ಬಣ್ಣದ ಬುಗುರಿಯ ಹೆಸರನ್ನೇ ಸಾಫ್ಟ್‌ವೇರಿಗೆ ಇಟ್ಟೆ.

ಬುಗುರಿ ಓಪನ್ ಸೋರ್ಸ್. ಅಂದರೆ ಅದರ ಒಂದೊಂದು ಸಾಲೂ ಲೋಕಕ್ಕೆ ತೆರೆದಿದೆ. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಪ್ಪು ಕಂಡರೆ ಎಲ್ಲರೆದುರು ಬರೆಯಬಹುದು. ಕಾಸಿಲ್ಲ. ಬಿಟ್ಟಿ ಸಿಕ್ಕ ಮಜ್ಜಿಗೆಗೆ ಹುಳಿ ಜಾಸ್ತಿ ಅಂತ ಬೈಯುವವರಿಗೂ ಬರವಿಲ್ಲ. ಎಲ್ಲಿಯದೋ ಒಬ್ಬ ಮಹಾನುಭಾವ, "ನಿಮ್ಮ ಸಾಫ್ಟ್‌ವೇರ್ ಎಲ್ಲ ಗ್ಯಾಲಕ್ಸಿಗಳೂ ಒಂದೇ ದಿಕ್ಕಿಗೆ ಉದ್ದವಾಗಿವೆ ಎನ್ನುತ್ತಿದೆ. ಅದು ಕುಡಿದಿದೆಯೇ?" ಅಂತ ಬರೆದ. ಚಿತ್ರ ತರಿಸಿ ನೋಡಿದೆ. ಗ್ಯಾಲಕ್ಸಿಗಳಿರಲಿ, ಚುಕ್ಕಿಯಂತೆ ದುಂಡಗಿರಬೇಕಾದ ನಕ್ಷತ್ರಗಳೂ ಅದೇ ದಿಕ್ಕಿಗೆ ಉದ್ದವಾಗಿದ್ದವು. ಗಾಳಿಗೆ ಅವನ ದೂರದರ್ಶಕವೇ ಅಲ್ಲಾಡಿತ್ತು. "ನಿಮ್ಮ ನಕ್ಷತ್ರಗಳನ್ನೂ ಒಮ್ಮೆ ನೋಡಿ. ಅವೂ ಕುಡಿದಿದ್ದರೆ ಹೆಂಡದಂಗಡಿ ನಮ್ಮದಲ್ಲ" ಅಂತ ಉತ್ತರ ಕೊಟ್ಟೆ. ಒಂದು ಥ್ಯಾಂಕ್ಸ್ ಕೂಡ ಬರಲಿಲ್ಲ. ಇವತ್ತಿಗೂ ಕಾಯುತ್ತಿದ್ದೇನೆ.

ಈಗ ನಮ್ಮ ಮೇಲಧಿಕಾರಿಯ ವಿಷಯ. ನಿಜವಾದ ಹೆಸರು ಬೇಡ. ನಾನಿಟ್ಟ ಹೆಸರು ನುಣುಪಪ್ಪ. ಅವರಿಗೆ ಎಲ್ಲ ನುಣ್ಣಗಿರಬೇಕು. ತಲೆಗೂದಲು, ಮಾತು, ಎಲ್ಲಕ್ಕಿಂತ ಹೆಚ್ಚಾಗಿ ಉಳಿಕೆ ಚಿತ್ರ. ಮಾಡೆಲ್ ಕಳೆದ ಮೇಲೆ ಏನೂ ಉಳಿಯಬಾರದು, ಚಿತ್ರ ತೊಳೆದ ಸ್ಲೇಟಿನ ಹಾಗಿರಬೇಕು.

"ರಂಗಸ್ವಾಮಿ, ಇದರಲ್ಲಿ ಕೊಳೆ ಉಳಿದಿದೆಯಲ್ಲ."

"ಅದು ಕೊಳೆ ಅಲ್ಲ ಸಾರ್, ಗ್ಯಾಲಕ್ಸಿ."

"ಪೇಪರ್‌ನಲ್ಲಿ ಚೆನ್ನಾಗಿ ಕಾಣಲ್ಲ. ಬಣ್ಣದ ಅಳತೆ ಸ್ವಲ್ಪ ಬದಲಾಯಿಸಿ."

ಬದಲಾಯಿಸಿದರೆ ಉಳಿಕೆಯೆಲ್ಲ ಬೂದು ಬಣ್ಣದಲ್ಲಿ ಮಾಯ. ಮುಖದ ಮೇಲೆ ಮಸಿ ಇದೆ ಅಂತ ಕನ್ನಡಿಗೆ ಸುಣ್ಣ ಬಳಿದ ಹಾಗೆ. ಅಂಥ ಚಿತ್ರಗಳನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದವಳು ಶಶಿಕಲಾ. ಕನಕಪುರದಾಚೆ ಸಾತನೂರು ಕಡೆಯ ಹುಡುಗಿ. ಒಂದು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು, "ಸಾರ್, ಒಸಿ ಇದ್ನ ನೋಡಿ" ಅಂದಳು.

ದೂರದರ್ಶಕದಿಂದ ಬಂದ ಹಸಿ ಚಿತ್ರವನ್ನು ತೆರೆದು, ಮಂಕು ಭಾಗವನ್ನು ಎಳೆದೆಳೆದು ಬೆಳಗಿಸಿದ್ದಳು. ಗ್ಯಾಲಕ್ಸಿಯ ಹೊರಗೆ, ಗಾಳಿಗೆ ಹಾರಿದ ಸೆರಗಿನ ಹಾಗೆ ಒಂದು ತೆಳು ಬೆಳಕು ಬಾಗಿ ನಿಂತಿತ್ತು. ಆ ಗ್ಯಾಲಕ್ಸಿ ಯಾವ ಕಾಲದಲ್ಲೋ ಇನ್ನೊಂದು ಚಿಕ್ಕ ಗ್ಯಾಲಕ್ಸಿಯನ್ನು ನುಂಗಿದೆ ಎಂಬುದಕ್ಕೆ ಗುರುತು ಅದು.

"ಬುಗುರೀಲಿ ಹಾಕುದ್ರೆ ಕಾಣಾಕಿಲ್ಲ ಸಾರ್. ಸೆರಗೂ ಇಲ್ಲ, ಅಂಚೂ ಇಲ್ಲ. ಯಾರೋ ಕತ್ತರಿ ಆಡ್ಸ್ದಂಗೆ."

ಈ ಸೆರಗಿನ ಬಗ್ಗೆ ಬರೆದ ಅಧ್ಯಾಯವೇ ಅವಳ ಪ್ರಬಂಧದ ಜೀವ. ಅದನ್ನು ತೆಗೆದರೆ ಉಳಿಯುವುದು ಬೇರೆಯವರು ಹೇಳಿದ್ದರ ಒಗ್ಗರಣೆ. ನುಣುಪಪ್ಪನವರ ಹತ್ತಿರ ಇಬ್ಬರೂ ಹೋದೆವು. ಅವರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

"ಕನ್ನಡಿಯ ಮೇಲಿನ ಧೂಳು. ದೂರದರ್ಶಕದವರು ತೊಳೆದಿರಲ್ಲ."

"ಸಾರ್, ಬೇರೆ ದೂರದರ್ಶಕದ ಚಿತ್ರದಲ್ಲೂ ಇದೆ," ಅಂದಳು ಶಶಿಕಲಾ.

"ನೋಡಮ್ಮ, ಈ ಬಗೆಯ ಗ್ಯಾಲಕ್ಸಿಗಳ ಅಂಚು ಎಲ್ಲಿ ಮುಗಿಯುತ್ತೆ ಅಂತ ನಾನು ಪೇಪರ್ ಮೇಲೆ ಪೇಪರ್ ಬರೆದಿದೀನಿ. ನನ್ನ ಪೇಪರ್‌ಗಳಲ್ಲಿ ಇಲ್ಲದ್ದು ಆಕಾಶದಲ್ಲಿ ಹೇಗಿರುತ್ತೆ? ಆ ಅಧ್ಯಾಯ ತೆಗಿ, ಸಹಿ ಹಾಕ್ತೀನಿ."

ಈ ಮಾತನ್ನು ನಾನು ಉಪ್ಪುಖಾರ ಹಚ್ಚಿ ಹೇಳುತ್ತಿಲ್ಲ. ಹಾಗೇ ಅಂದರು. ಅವಳ ಫೆಲೋಶಿಪ್ ಆ ವರ್ಷಕ್ಕೆ ಮುಗಿಯುತ್ತಿತ್ತು. ಸಹಿ ಇಲ್ಲದಿದ್ದರೆ ಅಷ್ಟು ವರ್ಷದ ದುಡಿಮೆ ನೀರುಪಾಲು.

ನನಗೆ ಸಿಟ್ಟು ಬಂದಾಗ ನಾನು ಕೂಗಾಡುವುದಿಲ್ಲ. ಕುಚೇಷ್ಟೆ ಮಾಡುತ್ತೇನೆ. ಅದರಲ್ಲಿ ನನ್ನನ್ನು ಮೀರಿಸಿದವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಮಕ್ಕಳೇ, ಇದು ಬರೀ ಕುಚೇಷ್ಟೆಯಲ್ಲ, ಅಳತೆಯ ಸಾಧನವನ್ನು ಪರೀಕ್ಷೆ ಮಾಡುವ ಬಹಳ ಒಳ್ಳೆಯ ವಿಧಾನ. ಕಂಪ್ಯೂಟರಿನಲ್ಲಿ ಸುಳ್ಳು ಗ್ಯಾಲಕ್ಸಿಗಳನ್ನು ಕಡೆದೆ. ಒಂದೊಂದರ ಗಾತ್ರವೂ ನಾನೇ ಇಟ್ಟದ್ದು, ಆದ್ದರಿಂದ ಸರಿಯುತ್ತರ ನನಗೆ ಗೊತ್ತು. ಅವುಗಳಿಗೆ ದೂರದರ್ಶಕದ ಮಸುಕು, ಆಕಾಶದ ಬೆಳಕಿನ ಏರುಪೇರು ಎಲ್ಲ ಬಳಿದು ಹದ ಮಾಡಿ, ನುಣುಪಪ್ಪನವರು ಅಳೆಯಲು ಇಟ್ಟಿದ್ದ ನಿಜವಾದ ಚಿತ್ರಗಳ ನಡುವೆ ಸೇರಿಸಿಬಿಟ್ಟೆ. ಒಂದಕ್ಕೆ ನಮ್ಮೂರಿನ ಹೆಸರು, ಕಲ್ಯ, ಅಂತ ಮನಸ್ಸಿನಲ್ಲೇ ಇಟ್ಟುಕೊಂಡೆ. ಪೇಪರಿಗೆ ಹೋಗುವ ಮುಂಚೆ ಎಲ್ಲವನ್ನೂ ಹೊರಗೆಳೆಯುವುದು ನನ್ನ ಲೆಕ್ಕ.

ಆದರೆ ನುಣುಪಪ್ಪನವರು ನನಗಿಂತ ಚುರುಕು. ಅಷ್ಟರಲ್ಲೇ ಕೇಂದ್ರದ ಸಭೆಯಲ್ಲಿ ಭಾಷಣ ಮಾಡಿದರು. ಪರದೆಯ ಮೇಲೆ ಯಾವುದು ಬಂತು ಅನ್ನುತ್ತೀರಿ? ಕಲ್ಯ!

"ಎಂಥ ಆದರ್ಶ ಗ್ಯಾಲಕ್ಸಿ ನೋಡಿ. ಮಾಡೆಲ್ ಕಳೆದ ಮೇಲೆ ಏನೂ ಉಳಿದಿಲ್ಲ. ಪರಿಪೂರ್ಣ!"

ಏನು ಉಳಿಯುತ್ತದೆ? ಬೊಂಬೆಯಿಂದ ಬೊಂಬೆ ಕಳೆದರೆ ಹೊಟ್ಟು ಎಲ್ಲಿಂದ ಬರಬೇಕು? ನಾನು ಹಿಂದಿನ ಸಾಲಿನಲ್ಲಿ ಕರವಸ್ತ್ರ ಬಾಯಿಗೆ ತುರುಕಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಶಶಿಕಲಾಗೆ ವಿಷಯ, ಹೆಸರು ಎರಡನ್ನೂ ಮೊದಲೇ ಹೇಳಿದ್ದೆ. ಆದರೆ ಅವಳು ನಗಲಿಲ್ಲ. ಪರದೆಯ ಮೇಲಿದ್ದ ಅಂಕಿಯನ್ನೇ ನೋಡುತ್ತಿದ್ದಳು.

"ಸಾರ್, ನೀವ್ ಕಲ್ಯಕ್ಕೆ ಇಟ್ಟಿದ್ ಗಾತ್ರ ಅಷ್ಟೇನಾ?" ಅಂತ ಪಿಸುಗುಟ್ಟಿದಳು.

ಅಲ್ಲ. ಅಲ್ಲಿದ್ದದ್ದು ಚಿಕ್ಕದು. ಓಡಿಹೋಗಿ ಉಳಿದವನ್ನೂ ನೋಡಿದೆವು. ದೊಡ್ಡ ಬೊಂಬೆಗಳೆಲ್ಲ ನಾನು ಕಡೆದದ್ದಕ್ಕಿಂತ ಚಿಕ್ಕವಾಗಿ ಬಂದಿದ್ದವು. ಅಂದರೆ ಉಳಿಕೆ ನುಣ್ಣಗಿದ್ದರೂ ಅಳತೆ ಸುಳ್ಳು. ಇಬ್ಬರೂ ಬುಗುರಿಯ ಕೋಡನ್ನು ಸಾಲುಸಾಲಾಗಿ ಓದುತ್ತಾ ಹೋದೆವು. ಸಿಕ್ಕಿತು.

ಆಕಾಶ ಎಂದೂ ಪೂರ್ತಿ ಕಪ್ಪಲ್ಲ, ಅದಕ್ಕೂ ಒಂದಿಷ್ಟು ಬೆಳಕಿದೆ. ಅಳೆಯುವ ಮೊದಲು ಆ ಬೆಳಕನ್ನು ಕಳೆಯಬೇಕು. ಅದಕ್ಕೆ ಬುಗುರಿ ಗ್ಯಾಲಕ್ಸಿಯ ಸುತ್ತ ಒಂದು ಚೌಕ ಕತ್ತರಿಸಿ, ಚೌಕದ ಅಂಚಿನ ಬೆಳಕನ್ನೇ ಆಕಾಶ ಅಂತ ಹಿಡಿಯುತ್ತದೆ. ನಾನು ಬರೆದಾಗ ಚೌಕ ದೊಡ್ಡದಿತ್ತು. ಕೆಲಸ ಬೇಗ ಮುಗಿಯಲಿ ಅಂತ ನುಣುಪಪ್ಪನವರು ಒಂದೇ ಸಾಲು ತಿದ್ದಿ ಅದನ್ನು ಕುಗ್ಗಿಸಿದ್ದರು. ಚೌಕ ಚಿಕ್ಕದಾದಾಗ ಗ್ಯಾಲಕ್ಸಿಯ ಮಂಕು ಅಂಚು ಅದರ ಗಡಿಯ ಮೇಲೇ ಬಿತ್ತು. ಅದನ್ನೂ ಆಕಾಶ ಅಂತ ಕಳೆದುಬಿಡುತ್ತಿತ್ತು. ಹೊಲ ಅಳೆಯಲು ಬಂದವನು ಹೊಲದೊಳಗೇ ಬದು ಹಾಕಿ, ಆಚೆಯದೆಲ್ಲ ಗೋಮಾಳ ಅಂದ ಹಾಗೆ. ಆ ಸಾಲು ಲೋಕಕ್ಕೆಲ್ಲ ತೆರೆದಿತ್ತು. ಲೋಕದಲ್ಲಿ ಒಬ್ಬನೂ ಓದಿರಲಿಲ್ಲ. ತೆರೆದ ಬಾಗಿಲಿನ ಮುಂದೆ ನಿಂತು ಬೀಗ ಎಷ್ಟು ಗಟ್ಟಿ ಅಂತ ಹೊಗಳುವ ಜನ!

ನುಣುಪಪ್ಪನವರ ಮುಂದೆ ಹೋಗಿ ಎಲ್ಲ ಇಟ್ಟೆವು. ಮೊದಲು ಕೆಂಪಾದರು. "ನನ್ನ ಚಿತ್ರಗಳಲ್ಲಿ ಸುಳ್ಳು ಬೆರೆಸಿದ್ರಾ?"

"ಹೂಂ ಸಾರ್. ನೀವು ಪರಿಪೂರ್ಣ ಅಂದ್ರಲ್ಲ, ಅದು ನಮ್ಮೂರ್ದು."

ಆಮೇಲೆ ಬೆಳ್ಳಗಾದರು. ಬಾಗಿಲು ಮುಚ್ಚಿ ಬಂದು, ತುಂಬ ನುಣ್ಣಗೆ ಮಾತಾಡಿದರು. "ಸರಿ. ಸಾಲು ಸರಿಪಡಿಸಿ. ಟಿಪ್ಪಣಿಯಲ್ಲಿ 'ಸಣ್ಣಪುಟ್ಟ ಸುಧಾರಣೆ' ಅಂತ ಹಾಕಿ, ಸಾಕು. ಗಲಾಟೆ ಬೇಡ. ಶಶಿಕಲಾ, ನಿನ್ನ ಅಧ್ಯಾಯ ಇರಲಿ. ನಾಳೆನೇ ಸಹಿ ಹಾಕ್ತೀನಿ."

ಅವಳಿಗೆ ಬೇಕಾಗಿದ್ದದ್ದೆಲ್ಲ ಅಂಗೈಗೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು:

"ಸದ್ದಿಲ್ದೆ ಸರಿ ಮಾಡುದ್ರೆ ನನ್ ಗ್ಯಾಲಕ್ಸಿ ಅಂಚು ಮಾತ್ರ ವಾಪಸ್ ಬತ್ತದೆ ಸಾರ್. ಬುಗುರೀಲಿ ಅಳ್ದಿರೋ ಬೇರೆಯೋರ್ದೆಲ್ಲ ಕತ್ತರ್ಸಿದಂಗೇ ಇರ್ತವೆ. ಅವ್ರಿಗ್ ಎಂಗ್ ಗೊತ್ತಾಯ್ತದೆ?"

"ಅದು ನಿನಗೆ ಯಾಕಮ್ಮ?"

"ನನ್ನಂಗೆ ಇನ್ಯಾರೋ ಒಬ್ಳಿಗೂ ಅವ್ಳ್ ಗೈಡು 'ಧೂಳು' ಅಂದಿರ್ತಾರಲ್ಲ ಸಾರ್. ಅದುಕ್ಕೆ."

ಹೊರಗೆ ಬಂದು ನನ್ನ ಮೇಜಿನಲ್ಲೇ ಕೂತು ಇಂಗ್ಲಿಷಿನಲ್ಲಿ ಬರೆದಳು. ಕನ್ನಡದಲ್ಲಿ ಹೇಳಿದರೆ ಇಷ್ಟು: "ದೋಷ: ಚೌಕ ಚಿಕ್ಕದಾದ್ದರಿಂದ ಗ್ಯಾಲಕ್ಸಿಯ ಅಂಚನ್ನೇ ಆಕಾಶವೆಂದು ಕಳೆಯಲಾಗುತ್ತಿತ್ತು. ಈ ಮೊದಲು ಅಳೆದ ದೊಡ್ಡ ಗ್ಯಾಲಕ್ಸಿಗಳು ನಿಜಕ್ಕಿಂತ ಚಿಕ್ಕವಾಗಿ ಬಂದಿವೆ. ದಯವಿಟ್ಟು ಮತ್ತೆ ಅಳೆಯಿರಿ." ಕೆಳಗೆ ಅವಳ ಹೆಸರು. ಸರಿಪಡಿಸಿದ ಸಾಲಿನ ಜೊತೆಗೆ ಅದನ್ನು ಬದಲಾವಣೆ ಟಿಪ್ಪಣಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದೆ. ಜೊತೆಯಲ್ಲಿ ಪರೀಕ್ಷೆಗೆ ಅಂತ ಕಲ್ಯವನ್ನೂ, ಅದರ ನಿಜವಾದ ಗಾತ್ರವನ್ನೂ ಇಟ್ಟೆ.

ನುಣುಪಪ್ಪನವರು ಸಹಿ ಹಾಕಲಿಲ್ಲ. ಶಶಿಕಲಾ ದಿನಾ ಬಂದು, ತಲೆ ಎತ್ತಿ ಕೂತು, ಕೆಲಸ ಮಾಡಿ ಹೋಗುತ್ತಿದ್ದಳು. ಅವಳ ಮುಖ ನೋಡುವುದು ನನಗೆ ಕಷ್ಟವಾಗುತ್ತಿತ್ತು. ಆಮೇಲೆ ಒಂದೊಂದೇ ಉತ್ತರ ಬರಲು ಶುರುವಾಯಿತು. ಮುಖ ನೋಡದ, ಊರು ತಿಳಿಯದ ಜನ. "ಮತ್ತೆ ಅಳೆದೆ, ಅಂಚು ಬಂತು" ಅಂತ ಒಬ್ಬರು. "ನನ್ನದರಲ್ಲೂ ಸೆರಗಿದೆ, ಇದನ್ನು ಧೂಳು ಅಂದಿದ್ದರು" ಅಂತ ಇನ್ನೊಬ್ಬಳು. ಕೊನೆಗೆ ಯಾರೋ ಎಲ್ಲರೆದುರೇ ಕೇಳಿದರು, "ಈ ಶಶಿಕಲಾ ಯಾರು? ಅವರ ಪ್ರಬಂಧ ಎಲ್ಲಿ ಓದಲು ಸಿಗುತ್ತದೆ?"

ಆ ಪ್ರಶ್ನೆ ನಮ್ಮ ಕೇಂದ್ರದ ದೊಡ್ಡವರ ಕಣ್ಣಿಗೂ ಬಿತ್ತು. ಸಹಿ ಬಿತ್ತು. ಮುಂದಿನ ಭಾಷಣದಲ್ಲಿ ನುಣುಪಪ್ಪನವರು, "ಈ ದೋಷವನ್ನು ನಮ್ಮ ತಂಡ ಪತ್ತೆ ಹಚ್ಚಿತು" ಅಂದರು. ತಂಡವಂತೆ! ದೋಷವೂ ಅವರದೇ, ಪತ್ತೆಯೂ ಅವರದೇ, ನಡುವೆ ನಾವು ಬರೀ ಹೊಟ್ಟು.

ನನ್ನನ್ನು ಮಾತ್ರ ಬುಗುರಿಯಿಂದ ಬಿಡಿಸಿ ಒಂದಷ್ಟು ಕಾಲ ಪ್ರಿಂಟರುಗಳನ್ನು ನೋಡಿಕೊಳ್ಳಲು ಹಾಕಿದರು. ಕೋತಿಯನ್ನು ಶಿಕ್ಷಿಸಲು ಮಾವಿನ ತೋಪಿಗೆ ಅಟ್ಟಿದ ಹಾಗೆ. ಅಂದಿನಿಂದ ಅವರ ಒಂದೊಂದು ಪ್ರಿಂಟಿನ ಮೂಲೆಯಲ್ಲೂ ಒಂದು ಮಸುಕು ಮಚ್ಚೆ ಬರತೊಡಗಿತು. ರಿಪೇರಿಯವರು ಬಂದರು, ಹೋದರು, ಮಚ್ಚೆ ಹೋಗಲಿಲ್ಲ.

"ಏನ್ರೀ ಇದು ರಂಗಸ್ವಾಮಿ?"

"ಕನ್ನಡಿಯ ಮೇಲಿನ ಧೂಳು ಸಾರ್."

ಶಶಿಕಲಾ ಈಗ ಮೈಸೂರಿನ ಕಾಲೇಜೊಂದರಲ್ಲಿ ಪಾಠ ಮಾಡುತ್ತಾಳೆ. ನುಣುಪಪ್ಪನವರು ನಿವೃತ್ತರಾಗಿ ಎಲ್ಲೋ ನುಣ್ಣಗಿದ್ದಾರೆ. ನವೀನ ತೆಗೆದುಹಾಕುತ್ತೇನೆ ಅಂದ ಹಳೆಯ ಟಿಪ್ಪಣಿಗಳಲ್ಲಿ ಅವಳು ಬರೆದದ್ದೂ ಒಂದು. ಅವನಿಗೆ ಅದು ಗೊತ್ತಿರಲಿಲ್ಲ, ಓದಿದ್ದರಲ್ಲವೆ ಗೊತ್ತಾಗುವುದು?

ಫೋನು ಕುಕ್ಕಿದ ಮಾರನೆಯ ದಿನ ಅವನ ಹೊಸ ವರ್ಶನ್ ಇಳಿಸಿಕೊಂಡೆ. ಟಿಪ್ಪಣಿಗಳು ಆಗಲೇ ಮಾಯ. ಕ್ಲೀನ್ ಮಾಡುವ ಭರದಲ್ಲಿ ಪರೀಕ್ಷೆಯ ಬೊಂಬೆಯನ್ನೂ ಗುಡಿಸಿದ್ದ. ನನ್ನ ಹತ್ತಿರ ಕಲ್ಯ ಇತ್ತು. ಹಾಕಿದೆ. ಗಾತ್ರ ಬಂತು. ಚಿಕ್ಕದು.

ಫೋನು ಮಾಡಿದೆ. "ಏನ್ಲಾ ನವೀನ, ಚೌಕ ಏನಾದ್ರೂ ಕುಗ್ಸಿದ್ಯಾ?"

"ಹೂಂ ಸಾರ್! ಹೆಂಗ್ ಗೊತ್ತಾಯ್ತು? ಸಖತ್ ಫಾಸ್ಟ್ ಆಗಿದೆ ಅಲ್ವಾ?"

"ಅದೆಷ್ಟ್ ಫಾಸ್ಟ್ ಆಗಿದೆ ಅಂದ್ರೆ, ಗ್ಯಾಲಕ್ಸಿ ಅಂಚು ನಿನ್ ಕೈಗೆ ಸಿಗ್ದೆ ಓಡೋಗದೆ ಕಣ್ಲಾ. ಒಸಿ ಉಳಿಕೆ ಕಿಟ್ಕಿ ತೆಗ್ದು ನೋಡು."

"ನೋಡ್ದೆ ಸಾರ್. ಉಳಿಕೆ ಪೂರ್ತಿ ನುಣ್ಣಗಿದೆಯಲ್ಲ?"

"ಅಂಗ್ ನುಣ್ಣಗಿದ್ದಾಗ್ಲೇ ಭಯ ಬೀಳ್ಬೇಕು. ಈಗ ನಾನ್ ಕಳ್ಸಿರೋ ಕಲ್ಯ ಬೊಂಬೆ ಗಾತ್ರ ನೋಡು. ನಾನ್ ಇಟ್ಟಿದ್ದೆಷ್ಟು, ನಿನ್ ಬುಗುರಿ ಹೇಳಿದ್ದೆಷ್ಟು?"

ಆ ಕಡೆ ಕೀಲಿಮಣೆ ಬಡಿಯುವುದು ಕೇಳಿಸಿತು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಸಾರ್, ಈ ತಪ್ಪು ಮೊದ್ಲೂ ಒಂದ್ಸಲ ಆಗಿತ್ತಾ? ಎಲ್ಲಾದ್ರೂ ಬರೆದಿಟ್ಟಿದೀರಾ?"

"ಬರ್ದಿತ್ತು. ನೀನ್ ಗುಡ್ಸಿದ್ ಹೊಟ್ಟಲ್ಲಿ ಐತೆ, ಹುಡ್ಕು."

ಹಳೆಯ ಪ್ರತಿಗಳಿಂದ ಅವನು ಶಶಿಕಲಾಳ ಟಿಪ್ಪಣಿಯನ್ನು ಹೇಗೋ ಹೊರತೆಗೆದ. ಹೊಸ ವರ್ಶನ್ನನ್ನು ಹಿಂದಕ್ಕೆ ತೆಗೆದುಕೊಂಡು, ಚೌಕವನ್ನು ದೊಡ್ಡದು ಮಾಡಿ, ಎಲ್ಲರಿಗೂ ಕಾಣುವ ಜಾಗದಲ್ಲಿ ದೋಷವನ್ನು ಬರೆದಿದ್ದಾನೆ. ಇವತ್ತು ಬೆಳಿಗ್ಗೆ ಓದಿದೆ. ಸ್ವಂತ ಪದ ಒಂದೂ ಹಾಕಿಲ್ಲ. "ಈ ಮೊದಲು ಅಳೆದ ದೊಡ್ಡ ಗ್ಯಾಲಕ್ಸಿಗಳು ನಿಜಕ್ಕಿಂತ ಚಿಕ್ಕವಾಗಿ ಬಂದಿವೆ. ದಯವಿಟ್ಟು ಮತ್ತೆ ಅಳೆಯಿರಿ." ಕೆಳಗೆ ಮೊದಲು ಶಶಿಕಲಾಳ ಹೆಸರು. ಅದರ ಕೆಳಗೆ ಅವನದು.